ಚೀಲಕ್ಕೆ ಕೈ ಹಚ್ಚದ ದಿನ

ನನ್ನ ಸೊಸೆಗೆ ಇಪ್ಪತ್ತಾರನೇ ವಯಸ್ಸಿಗೇ ಸೊಂಟದ ಡಿಸ್ಕ್ ಸರಿಯಿತು. ಯಾಕೆ ಹೀಗಾಯಿತು ಎಂದು ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಹೊಲಿಗೆ ಮಷಿನ್ ಮುಂದೆ ಕೂತೂ ಕೂತೂ ಆಯಿತು ಎಂದರು. ಮುಂಡಗೋಡದ ರಸ್ತೆಯ ತಗ್ಗುಗಳಲ್ಲಿ ಸ್ಕೂಟಿ ಓಡಿಸಿ ಆಯಿತು ಎಂದರು. ನಾನು ಎಲ್ಲದಕ್ಕೂ ಹೂಂ ಎಂದೆ.

ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಟಿಬೆಟನ್ ಕಾಲೊನಿಯ ಲಾಮಾಗಳ ಕೆಂಪು ಬಟ್ಟೆ ಹೊಲಿಯುತ್ತ ಅವಳು ದಿನವೆಲ್ಲ ಬಗ್ಗಿ ಕೂರುತ್ತಿದ್ದಳು. ಚಹಾ ಮಷಿನ್ ಬಳಿಗೇ ಹೋಗುತ್ತಿತ್ತು. ಒಯ್ಯುವವನು ನನ್ನ ಮಗ. ಅವನಪ್ಪ ನನಗೆ ಒಂದು ದಿನವೂ ನೀರು ತಂದುಕೊಟ್ಟವನಲ್ಲ.

ಗೋವಿನಜೋಳದ ತೆನೆ ಮುರಿಯಲು ಆಳು ಸಿಗದೆ ಅವಳೂ ಹೊಲಕ್ಕೆ ಬಂದಳು. ತುಂಬಿದ ಚೀಲವನ್ನು ನಮ್ಮಲ್ಲಿ ಒಬ್ಬರೇ ತಲೆಗೇರಿಸುವುದಿಲ್ಲ. ಇನ್ನೊಬ್ಬರು ಕೈ ಹಚ್ಚಬೇಕು. ಮಾತು ಬಿಟ್ಟವರು ಕೂಡ ಆಗ ಬಂದು ಎತ್ತಿಸಿ ಹೋಗುತ್ತಾರೆ.

“ಅತ್ತಿ, ಒಂದೀಟು ಕೈ ಹಚ್ಚ ಬರ್ರೀ” ಎಂದು ಕರೆದಳು.

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ತಿರುಗಿ ನೋಡಲಿಲ್ಲ. ಮತ್ತೆ ಕರೆದಳು.

“ಕೂತು ಕೂತು ಮೈ ಬೆಣ್ಣಿ ಆಗೇತೇನ? ನಿನ್ನ ವಯಸ್ಸಿನ್ಯಾಗ ನಾ ಬಸುರಿದ್ದಾಗ ಹೊತ್ತೇನಿ!”

ಅವಳಿಗೆ ಸಿಟ್ಟು ಬಂತು. ಬಗ್ಗಿ, ಸೊಂಟ ತಿರುವಿ ಒಮ್ಮೆಲೇ ಎತ್ತಿದಳು. ಚೀಲ ಬಿತ್ತು, ಅವಳೂ ಬಿದ್ದಳು.

ಹುಬ್ಬಳ್ಳಿಯ ಡಾಕ್ಟರು ಸ್ಕ್ಯಾನ್ ನೋಡಿದರು. “ಬಗ್ಗಿ ಕೂತು ಸೊಂಟ ಮೊದ್ಲ ಸೋತಿತ್ತು. ಅದರ ಮ್ಯಾಲ ಭಾರ ಬಿತ್ತು. ಕಾಲಿನ ಹೆಬ್ಬೆರಳು ಮ್ಯಾಲೆತ್ತಾಕ ಬರವಲ್ದು. ಹದಿನೈದು ದಿನ ನೋಡೂಣು. ಆಗಲಿಲ್ಲಂದ್ರ ಆಪರೇಷನ್.”

ಮಗ ಅವಳಿಗೆ ಬೆಲ್ಟ್ ಕಟ್ಟಿದ, ತಲೆ ಬಾಚಿದ, ಕೈಹಿಡಿದು ಬಚ್ಚಲಿಗೆ ನಡೆಸಿದ. ನನ್ನ ಸೊಂಟ ನೋಯಲು ಹತ್ತಿ ಮೂವತ್ತು ವರ್ಷವಾಯಿತು, ಯಾರೂ ಕೇಳಿಲ್ಲ. ಹೇಗೆ ಬಿದ್ದೆ ಎಂದು ಹೇಳುವಾಗ ಅವಳು ನನ್ನ ಹೆಸರೂ ಎತ್ತಲಿಲ್ಲ. ಅದಕ್ಕೆ ನನಗೆ ಇನ್ನೂ ಉರಿಯಿತು. ಅದರಲ್ಲೂ ಅವಳೇ ದೊಡ್ಡ ಮನಸ್ಸಿನವಳಾದಳು.

ದಿನಾ ಮುಂಜಾನೆ ಮಗ “ಬೆರಳು ಎತ್ತ ನೋಡೂಣು” ಎನ್ನುತ್ತಿದ್ದ. ನಾನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೆರಳು ಏಳದೇ ಹೋದರೆ ಅವನು ಕಡೆತನಕ ಅವಳ ಕಾಲ ಬಳಿಯೇ ಕೂರುತ್ತಾನೆ ಎಂಬ ಹೆದರಿಕೆ ನನಗೆ.

ಹದಿನೈದನೇ ದಿನ ಡಾಕ್ಟರ ಮುಂದೆ ಬೆರಳು ಎದ್ದಿತು. ಆಪರೇಷನ್ ಬೇಡ ಎಂದರು.

“ಅಷ್ಟು ಭಾರ ಒಬ್ಬಾಕಿನ ಯಾಕ ಎತ್ತಿದಿ, ತಂಗಿ?” ಎಂದು ಡಾಕ್ಟರು ಕೇಳಿದರು.

“ಹಟಮಾರಿ ರೀ ಅಕಿ” ಎಂದು ಮಗ ನಕ್ಕ.

“ಅಕಿ ಎರಡ ಸಲ ಕರದ್ಲು. ನಾ ಹೋಗಲಿಲ್ಲ” ಎಂದೆ.

“ಯಾಕವ್ವಾ?” ಎಂದ ಮಗ.

“ಹೊಟ್ಟಿಕಿಚ್ಚು.”

ಬಸ್ಸಿನಲ್ಲಿ ಮಗ ಅವಳ ಬೆನ್ನಿಗೆ ತನ್ನ ಟವೆಲ್ ಮಡಚಿ ಇಟ್ಟು, ಪಕ್ಕದಲ್ಲೇ ನಿಂತ. ನನ್ನ ಪಕ್ಕದ ಸೀಟು ಖಾಲಿ ಇತ್ತು. ಮುಂಡಗೋಡ ಬರುವವರೆಗೂ ಅವನು ಕೂರಲಿಲ್ಲ.