ಬೇಡನ ಹೆಂಡತಿ ಬಿಚ್ಚಿದ ಗಂಟು

ಪತ್ರಿಕೆಗೆ ಸೇರುವ ಮೊದಲು ಎರಡು ವರ್ಷ ನಾನು ಗುಂಡ್ಲುಪೇಟೆಯಲ್ಲಿ ಮೇಷ್ಟ್ರಾಗಿದ್ದೆ. ಐವತ್ತರ ದಶಕದ ನಡುವಿನ ಮಾತು. ಚಾಮರಾಜನಗರಕ್ಕೆ ಒಂದು ನೃತ್ಯನಾಟಕದ ತಂಡ ಬರುವುದಿತ್ತು. ಮಕ್ಕಳನ್ನು ಕರೆದೊಯ್ಯುವ, ಅದಕ್ಕೆ ಮೊದಲೇ ಅವರನ್ನು ಸಿದ್ಧಗೊಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮಾತಿಲ್ಲ, ಹಾಡಿಲ್ಲ, ಕುಣಿತದಲ್ಲೇ ಇಡೀ ಕಥೆ. ಅಂಥದ್ದನ್ನು ನಾನೂ ನೋಡಿರಲಿಲ್ಲ. ಹಾಗಾಗಿ ಬಲ್ಲ ಕೆಲಸವನ್ನೇ ಮಾಡಿದೆ: ತಂಡದವರು ಕಳಿಸಿದ್ದ ಕರಪತ್ರದ ಕಥೆಯನ್ನು ನೋಟ್ಸ್ ಬರೆಸಿದೆ. ಬೇಡನೊಬ್ಬ ಜಿಂಕೆಯನ್ನು ಹಿಡಿದು ತಂದು ಗುಡಿಸಲ ಕಂಬಕ್ಕೆ ಕಟ್ಟುತ್ತಾನೆ. ಅವನು ಮೈಮರೆತಾಗ ಜಿಂಕೆ ಹಗ್ಗ ಕಿತ್ತುಕೊಂಡು ಓಡುತ್ತದೆ. ಮಕ್ಕಳು ಬಾಯಿಪಾಠ ಮಾಡಿದರು.

ನೋಡಿ ಬಂದ ಮರುದಿನ ಕಂಡ ಕಥೆಯನ್ನು ಬರೆಯಲು ಹೇಳಿದೆ. ಚೆನ್ನಾಗಿ ಬರೆದ ಮೂವರಿಗೆ ಮೈಸೂರಿನಲ್ಲಿ ಅದೇ ಆಟವನ್ನು ಇನ್ನೊಮ್ಮೆ ನೋಡುವ ಅವಕಾಶ. ಅದಕ್ಕೆ ಎಲ್ಲರಿಗಿಂತ ಹೆಚ್ಚು ಆಸೆಪಟ್ಟವಳು ನಮ್ಮ ತಾಲ್ಲೂಕಿನದೇ ಕಾಡಂಚಿನ ಮದ್ದೂರು ಕಡೆಯ ಒಬ್ಬ ಹುಡುಗಿ. ಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಅವಳೊಬ್ಬಳೇ ಬೇರೆ ಬರೆದಿದ್ದಳು: ಗಂಟು ಬಿಚ್ಚಿದವಳು ಬೇಡನ ಹೆಂಡತಿ.

“ಇದನ್ನ ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ ಸಾ. ನಾನು ಅವಳ ಬೆರಳ ನೋಡ್ದಿ. ಬೆನ್ನಿಂದ್ಗಡೆ ಕೈ ಇಟ್ಕಂಡು ಬಿಚ್ಚುದ್ಲು.”

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: “ಕಾಡ್ ಕಡೆಯೋಳಲ್ವಾ ಸಾ, ಜಿಂಕೆನೇ ಬಂದು ಯೋಳಿರ್ಬೇಕು! ನೋಟ್ಸಲ್ಲಿ ಎಲ್ಲದೆ ತೋರ್ಸು ಕಣಮ್ಮಿ!”

ತರಗತಿ ನಕ್ಕಿತು. ನಾನೂ ನಕ್ಕೆ. ಹತ್ತಕ್ಕೆ ಎರಡು ಕೊಟ್ಟೆ. ನೋಟ್ಸನ್ನು ಒಪ್ಪವಾಗಿ ಇಳಿಸಿದ್ದ ಮೂವರನ್ನು ಮೈಸೂರಿನ ಬಸ್ಸು ಹತ್ತಿಸಿದೆ.

ಅಲ್ಲಿ ಆಟ ಮುಗಿದ ಮೇಲೆ ಬೇಡನ ಹೆಂಡತಿಯಾಗಿ ಕುಣಿದಾಕೆ ನಮ್ಮನ್ನು ಮಾತಾಡಿಸಿದರು. ಕರಪತ್ರ ಅಚ್ಚಾದ ಮೇಲೆ ಕಥೆ ಬದಲಾಯಿಸಿದೆವು ಎಂದರು. “ಈಗ ಗಂಟು ಬಿಚ್ಚೋದು ನಾನೇ. ಮಕ್ಕಳು ಗಮನಿಸಿದರಾ?” ಮೂವರೂ ನನ್ನ ಮುಖ ನೋಡಿದರು. ನಾನೂ ಗಮನಿಸಿರಲಿಲ್ಲ. ಎರಡು ಸಲವೂ, ಮಕ್ಕಳು ಸದ್ದು ಮಾಡಬಾರದೆಂದು ಅವರನ್ನೇ ಕಾಯುತ್ತ ಕೂತಿದ್ದೆ.

ಊರಿಗೆ ಬಂದು ಆ ಹುಡುಗಿಯನ್ನು ಕರೆದೆ. ಎರಡನ್ನು ಹೊಡೆದು ಒಂಬತ್ತು ಮಾಡಿದೆ. ನೀನು ಬರೆದದ್ದೇ ಸರಿ ಎಂದೆ. ಹೇಳಿದ್ದು ವರಾಂಡದಲ್ಲಿ, ಅವಳೊಬ್ಬಳಿಗೆ. ನಕ್ಕವರು ಯಾರಿಗೂ ಕೇಳಿಸಲಿಲ್ಲ. ಅವಳು ಅಂಕದ ಕಡೆ ನೋಡಲಿಲ್ಲ.

“ಬಿಚ್ಚಾದ್ಮೇಲೆ ಅವಳು ಯಾವ್ ಕಡೀಕೆ ನೋಡುದ್ಲು ಸಾ? ಗಂಡನ್ ಕಡೀಕಾ, ಜಿಂಕೆ ಕಡೀಕಾ? ಅವತ್ತು ನನ್ ಮುಂದೆ ಯಾರೋ ಎದ್ ನಿಂತ್ಬುಟ್ರು, ಕಾಣ್ನಿಲ್ಲ. ಮೈಸೂರ್ಗೆ ಹೋದ್ರೆ ಅದೊಂದ ನೋಡ್ಬುಡನ ಅಂತಿದ್ದಿ ನಾನು.”

ನಾನು ನೋಡಲಿಲ್ಲ ಎನ್ನಬಹುದಿತ್ತು. “ಜಿಂಕೆ ಕಡೆಗೆ” ಎಂದೆ.

ಮುಂದೆ ಪತ್ರಿಕೆಯಲ್ಲಿ, ಕಣ್ಣಾರೆ ಕಾಣದ್ದನ್ನು ಬರೆದ ಎಷ್ಟೋ ಕಿರಿಯರ ವರದಿಗಳನ್ನು ಹಿಂದಿರುಗಿಸಿದ್ದೇನೆ. ಅಂದು ಅವಳು ವರಾಂಡದ ಮೆಟ್ಟಿಲ ಮೇಲೆ ಕೂತು, ತಾನು ಕಂಡು ಬರೆದದ್ದರ ಕೆಳಗೆ ನನ್ನ ಸಾಲನ್ನೂ ಸೇರಿಸಿಕೊಂಡಳು.