ಮಂಚಕ್ಕೆ ಬಡಿದ ತಂಬಿಗೆ

ನಮ್ಮ ಅತ್ತೆಗೆ ಲಕ್ವ ಹೊಡೆದು ಮಾತು ಹೋದ ಮೇಲೆ ಅವರ ಬಾಯಿಯ ಕೆಲಸವನ್ನೆಲ್ಲ ಒಂದು ತಂಬಿಗೆ ವಹಿಸಿಕೊಂಡಿತು. ಪಡಸಾಲೆಯಲ್ಲಿ ಕಬ್ಬಿಣದ ಮಂಚ, ಅವರ ಎಡಗೈಯಲ್ಲಿ ಸ್ಟೀಲಿನ ತಂಬಿಗೆ. ನೀರು ಬೇಕೆಂದರೆ ಠಣ್. ಮಗ್ಗುಲು ಬದಲಿಸಬೇಕೆಂದರೆ ಠಣ್. ಏನೂ ಬೇಡದೆ, ನಾನು ಇದ್ದೇನೋ ಇಲ್ಲವೋ ಎಂದು ನೋಡಲೂ ಠಣ್. ಕುಕನೂರಿನ ಆ ಸಣ್ಣ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಅಂಬೆಗಾಲಿನ ಮಗಳನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ. ತಡವಾದರೆ ಅವರು ಹಾಸಿಗೆ ಒದ್ದೆ ಮಾಡಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದರು. ಆ ಅಳು ನೋಡುವುದಕ್ಕಿಂತ ಓಡುವುದೇ ವಾಸಿ. ವರ್ಷಗಟ್ಟಲೆ ಹೀಗೇ ನಡೆಯಿತು.

ಆ ವರ್ಷಗಳಲ್ಲಿ ನನಗೆ ಹೆಗಲು ನೋವೆಂಬುದೇ ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನೋವು ಶುರುವಾದದ್ದು ಅತ್ತೆ ತೀರಿಕೊಂಡು, ಬಂದ ನೆಂಟರೆಲ್ಲ ಹೋಗಿ, ಮನೆ ತಣ್ಣಗಾದ ಮೇಲೆ. ಕುತ್ತಿಗೆಯ ಬುಡದಿಂದ ಹೆಗಲಿಗಿಳಿದು ಅಲ್ಲೇ ಬಿಡಾರ ಹೂಡಿತು. ಅದರ ಜೊತೆಗೆ ಸದ್ದೂ ಬಂತು. ಮಟಮಟ ಮಧ್ಯಾಹ್ನ, ಪಡಸಾಲೆಯಲ್ಲಿ ನೊಣ ಬಿಟ್ಟರೆ ಯಾರೂ ಇಲ್ಲ, ಆಗ ಠಣ್. ಎದ್ದು ಓಡುವಾಗ ನೋವು ಇರುತ್ತಿರಲಿಲ್ಲ. ಬರಿ ಮಂಚ ಕಂಡು ತಿರುಗಿ ಬರುವಾಗ ಇರುತ್ತಿತ್ತು. ನನಗೆ ದೆವ್ವ ಭೂತದಲ್ಲಿ ನಂಬಿಕೆಯಿಲ್ಲ. ಆದರೂ ಹೆದರಿದೆ.

ನಮ್ಮೂರಲ್ಲಿ ಡಾಕ್ಟರು ಕಡಿಮೆ, ಔಷಧಿ ಹೇಳುವವರು ಮನೆಗೊಬ್ಬರು. ಎಕ್ಕದ ಎಲೆ ಕಾಯಿಸಿ ಕಟ್ಟಿದೆ, ಉಪ್ಪಿನ ಶಾಖ ಕೊಟ್ಟೆ. ಪಕ್ಕದ ಮನೆಯಾಕೆ, "ನಿಮ್ಮತ್ತಿ ಜೀವ ನಿನ್ನ ಹೆಗಲ ಮ್ಯಾಲೆ ಕುಂತೈತಿ. ಹುಲಿಗಿ ಗುಡಿಗೆ ಹೋಗಿ ಅಮ್ಮಗ ಉಡಿ ತುಂಬಿ ಬಾ," ಎಂದಳು.

"ಸಾಯೂಮಟ ಕುಂತಿದ್ದು ಸಾಲಲಿಲ್ಲೇನು?" ಎಂದು ಹರಿಹಾಯ್ದೆ. ಹರಿಹಾಯ್ದವಳೇ ಮುಂದಿನ ಹುಣ್ಣಿಮೆಗೆ ಹುಲಿಗಿ ಬಸ್ಸು ಹತ್ತಿದೆ. ಅಲ್ಲಿ ಹೊಳೆಯ ದಂಡೆಯಲ್ಲಿ ಯಾರದೋ ಕೈಯಿಂದ ತಂಬಿಗೆ ಜಾರಿ ಕಲ್ಲಿನ ಮೇಲೆ ಬಿತ್ತು. ಅಷ್ಟು ಜನರ ನಡುವೆ ನಾನೊಬ್ಬಳೇ "ಬಂದೆರಿ" ಎಂದು ತಿರುಗಿದೆ. ಆಮೇಲೆ ಅಮ್ಮನ ಮುಂದೆ ನಿಂತು ಏನು ಬೇಡಿಕೊಂಡೆನೋ ನೆನಪಿಲ್ಲ.

ಕೊಪ್ಪಳದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಎಲುವು ಛಲೋ ಅದಾವು ನೋಡ್ರಿ," ಎಂದರು. ಅಂದರೆ ನಾನು ಸುಳ್ಳು ಹೇಳುತ್ತಿದ್ದೇನೆ ಎಂದಾಯಿತು. ಸಿಟ್ಟು ನೆತ್ತಿಗೇರಿತು. ಅವರು ನನ್ನ ಹಿಂದೆ ಬಂದು ನಿಂತು, "ಹೆಗಲು ಕೆಳಗ ಬಿಡ್ರಿ," ಎಂದರು.

"ಬಿಟ್ಟೇನಲ್ರಿ."

ಅವರು ಮೆಲ್ಲಗೆ ಒತ್ತಿದಾಗ ಎರಡೂ ಹೆಗಲು ಕೆಳಗಿಳಿದವು. ಇಷ್ಟು ದಿನ ಅವು ಕಿವಿಯ ಹತ್ತಿರ ಏರಿ ನಿಂತದ್ದು ನನಗೇ ಗೊತ್ತಿರಲಿಲ್ಲ.

"ಓಡೋರಂಗ ಹೆಗಲು ಏರಿಸೀರಿ. ಯಾರು ಕರದ್ರ ಓಡತೀರಿ?" ಎಂದು ಕೇಳಿದರು. ತಂಬಿಗೆಯ ಕಥೆ ಹೇಳಿದೆ. ಅವರು ನಗಲಿಲ್ಲ.

"ಗಾಬರಿ ಆದಾಗ ಮೈಯಾಗ ಅಡ್ರಿನಲಿನ್, ಕಾರ್ಟಿಸೋಲ್ ಅಂತ ರಸ ಹರೀತಾವ್ರಿ. ಆ ಹೊತ್ತಿಗೆ ನೋವು ಮರಸ್ತಾವು, ಓಡಸ್ತಾವು. ವರ್ಷಗಟ್ಲೆ ದಿನಾ ಹಂಗ ಆದ್ರ ಅವುಗಳ ಹದ ತಪ್ಪತೈತಿ. ಬಾವು ಇಳಸೋ ಕೆಲಸ ಸರಿ ಆಗಂಗಿಲ್ಲ, ನರ ಸಣ್ಣದಕ್ಕೂ ಚೀರತಾವು. ನಿಮ್ಮ ನೋವು ಖರೇನ ಐತಿ. ಕರಿಯೋರು ಹೋಗ್ಯಾರ, ಅದನ್ನ ನಿಮ್ಮ ಮೈಗೆ ಯಾರೂ ಹೇಳಿಲ್ಲ."

ಖರೇ ಎಂಬ ಆ ಒಂದು ಮಾತಿಗೆ ನಾನು ಅಲ್ಲೇ ಅತ್ತುಬಿಟ್ಟೆ. ಗುಳಿಗೆ ಬರೆದುಕೊಟ್ಟು, ದಿನಾ ನಡೆಯಬೇಕು, ಉಸಿರು ನಿಧಾನವಾಗಿ ಬಿಡಬೇಕು ಎಂದರು. ಹೇಳಿದಂತೆ ಮಾಡಿದೆ. ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಹೋದ ಚಳಿಗಾಲದ ಒಂದು ಮಧ್ಯಾಹ್ನ ಅದು ಮತ್ತೆ ಜೋರಾಯಿತು. ನೆಲದ ಮೇಲೆ ಮಲಗಿದರೆ ಏಳಲಾಗುವುದಿಲ್ಲವೆಂದು ಅತ್ತೆಯ ಮಂಚದ ಮೇಲೆ ಒರಗಿದ್ದೆ. ಬಾಯಾರಿತ್ತು. ಮಗಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೂಗಿದರೆ ಕುತ್ತಿಗೆ ಸೆಳೆಯುತ್ತದೆ. ಪಕ್ಕದಲ್ಲಿದ್ದ ಖಾಲಿ ತಂಬಿಗೆ ಎತ್ತಿ ಮಂಚದ ಸರಳಿಗೆ ಬಡಿದೆ. ಯೋಚಿಸಿ ಮಾಡಿದ್ದಲ್ಲ.

ಅವಳು ಸೋಪಿನ ನೊರೆಯ ಕೈಯಲ್ಲೇ ಓಡಿ ಬಂದಳು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಳು. ಮುಖ ಬಿಳಿಚಿತ್ತು.

"ನೀ ಬಡದಿ ಏನವ್ವಾ? ನಾ ಮತ್ತ ಆಯಿ ಅನಕೊಂಡೆ."

"ಮತ್ತ ಅಂದ್ರ?"

"ದಿನಾ ಕೇಳಸ್ತೈತಲ್ಲ."

ಅಂಬೆಗಾಲಿಡುವಾಗಿನಿಂದ ಅವಳು ಕೇಳಿದ, ಅಜ್ಜಿಯ ತಂಬಿಗೆಯ ಸದ್ದು ಅದು. ನಾನು ಓಡುವುದನ್ನು ನೋಡುತ್ತಲೇ ಬೆಳೆದವಳು. ಅವಳ ಕಿವಿಯೂ ಕಾಯುತ್ತಿರಬಹುದು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ತಂಬಿಗೆಯನ್ನು ಸದ್ದಾಗದಂತೆ ನೆಲಕ್ಕಿಟ್ಟು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನ ಮೇಲೆ ಕೈಯಾಡಿಸಿದೆ. ಇನ್ನೂ ಕಾಲೇಜು ಮೆಟ್ಟಿಲು ಹತ್ತದ ಹುಡುಗಿಯ ಹೆಗಲು ಒಣ ಕಟ್ಟಿಗೆಯಂತೆ ಬಿಗಿದಿದ್ದವು.

"ಹೆಗಲು ಕೆಳಗ ಬಿಡು, ನನ್ನವ್ವಾ," ಎಂದೆ.

"ಬಿಟ್ಟೇನಲ್ಲ," ಎಂದಳು.