ಅತ್ತೆ ಉಳಿಸಿಕೊಂಡ ಕೆಂಪು

ಊಟವಾದ ಮೇಲೆ ನಮ್ಮ ಸೋದರತ್ತೆ ಕನ್ನಡಿ ಮುಂದೆ ನಿಂತು ನಾಲಿಗೆ ಚಾಚುತ್ತಿದ್ದಳು. ಮಾವ ತಾನೇ ನಾರು ತೆಗೆದು, ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿಕೊಟ್ಟ ವೀಳ್ಯದೆಲೆ ಎಷ್ಟು ಕೆಂಪೇರಿದೆಯೆಂದು ನೋಡಿಕೊಳ್ಳಲೇಬೇಕು. ಬಾಯಿ ಕೆಂಪಾದಷ್ಟೂ ಗಂಡನ ಪ್ರೀತಿ ಹೆಚ್ಚು ಎಂಬ ನಂಬಿಕೆ ಅವಳದು. ಮಾವ ತೀರಿಕೊಂಡ ಮೇಲೆ ಎಲೆ ಮುಟ್ಟಲಿಲ್ಲ.

ನನ್ನ ಹಾಲುಹಲ್ಲುಗಳನ್ನು ದಾರ ಕಟ್ಟಿ ಕಿತ್ತವಳು, ಹಲ್ಲಿನ ಡಾಕ್ಟರಾಗು ಎಂದು ಹಟ ಹಿಡಿದವಳು ಅವಳೇ. ನಾನು ಆಳಂದದಲ್ಲಿ ದವಾಖಾನೆ ತೆರೆದಾಗ ತನ್ನೂರಾದ ಸರಸಂಬಾದ ಅರ್ಧ ಜನರನ್ನೇ ಬಸ್ಸು ಹತ್ತಿಸಿ ಕಳಿಸಿದಳು. ತಾನು ಮಾತ್ರ ಬರಲಿಲ್ಲ. ಕಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವ ಗತಿ ಬಂದಾಗಲೇ ನನ್ನ ಕುರ್ಚಿ ಹತ್ತಿದ್ದು.

ನೀಲಿ ಬೆಳಕಿನ ಪುಟ್ಟ ಕ್ಯಾಮೆರಾ ಅವಳ ಬಾಯಿಗೆ ಹಿಡಿದೆ. ಆ ಬೆಳಕಿಗೆ ಶುದ್ಧವಾದ ಹಲ್ಲು ಹಸಿರಾಗಿ ಕಾಣುತ್ತದೆ, ಪಾಚಿ ಕಟ್ಟಿದ, ಕೊಳೆ ಗಾರೆಯಂತೆ ಗಟ್ಟಿಯಾದ ಜಾಗ ಕೆಂಪಗೆ ಹೊಳೆಯುತ್ತದೆ. ಪರದೆಯ ತುಂಬ ಕೆಂಪು. ಬೈಯಬೇಕೆಂದು ತಿರುಗಿದರೆ ಅತ್ತೆಯ ಕಣ್ಣಲ್ಲಿ ನೀರು.

"ಎಲಿ ಬಿಟ್ಟು ಎಷ್ಟ್ ವರ್ಷ ಆತು. ನಿಮ್ಮ ಮಾಮಾನ ಕೆಂಪು ಇನ್ನಾ ಅದ ನೋಡವಾ."

"ಅತ್ತಿ, ಅದು ಎಲಿ ಕೆಂಪಲ್ಲ. ಹೊಲಸು. ಅದ್ರಾಗಿನ ಕ್ರಿಮಿಯಿಂದ ಹಂಗ ಹೊಳಿತದ."

"ನಿನ್ನ ಬೆಳಕಿಗಿ ಏನ್ ತಿಳೀತದ ಬೇ?"

ಹಾಗೇ ಬಿಟ್ಟರೆ ಹಲ್ಲುಗಳು ಒಂದೊಂದಾಗಿ ಉದುರುತ್ತವೆ. ತೆಗೆದರೆ ಅವಳ ಪಾಲಿಗೆ ಮಾವನನ್ನೇ ಕೆರೆದು ತೆಗೆದಂತೆ. ಕೊನೆಗೆ ಅವಳೇ ನ್ಯಾಯ ಮಾಡಿದಳು.

"ಒಂದ್ ಹಲ್ಲು ಬಿಟ್ಟು ಉಳದಿದ್ದೆಲ್ಲಾ ತೆಗಿ."

ಉಳಿದವನ್ನೆಲ್ಲ ಕೆರೆದು ಶುಚಿಮಾಡಿ, ಹಿಂದಿನ ಒಂದು ದವಡೆಹಲ್ಲನ್ನು ಹಾಗೆಯೇ ಬಿಟ್ಟೆ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ, ನಾನೂ ಪೂರ್ತಿ ಒಪ್ಪಿರಲಿಲ್ಲ. ಕೆಲವು ವಾರಗಳಲ್ಲಿ ಅತ್ತೆ ಮತ್ತೆ ಕಡಕ್ ರೊಟ್ಟಿ ಮುರಿದು ತಿಂದಳು. ಸಂತೆಗೆ ಬಂದಾಗಲೆಲ್ಲ ದವಾಖಾನೆಗೆ ಬಂದು, "ಹಚ್ಚು ನಿನ್ನ ದೀಪ" ಎಂದು ಬಾಯಿ ತೆರೆಯುವಳು. ಹಸಿರಿನ ಕೊನೆಯಲ್ಲಿ ಆ ಕೆಂಪು ಕಂಡ ಮೇಲೆ ಸೆರಗು ಸರಿಮಾಡಿಕೊಂಡು ಎದ್ದು ಹೋಗುವಳು. ಆ ಹಲ್ಲು ಅಲುಗಾಡತೊಡಗಿದರೂ ಕೀಳಲು ಬಿಡಲಿಲ್ಲ.

ಕಳೆದ ವರ್ಷ ಅತ್ತೆ ಹೋದಳು. ಕೂರಿಸಿ ವಿಭೂತಿ ಹಚ್ಚಿದ ಮೇಲೆ ಯಾರೋ ಬಾಯಿಗಿಡಲು ಎಲೆ ಅಡಿಕೆ ತಂದರು. ನಾನೇ ಕೇಳಿ ಇಸಿದುಕೊಂಡೆ. ನಾರು ತೆಗೆದು, ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿ, ಆ ಹಲ್ಲಿನ ಪಕ್ಕದಲ್ಲಿಟ್ಟೆ. ಮಾವನ ಕೈ ಇದಲ್ಲ. ಕೆಂಪೇರುತ್ತದೋ ಇಲ್ಲವೋ, ಗೊತ್ತಿಲ್ಲ.